ಯುವಜನೋತ್ಸವ ಆದೋನಿಗೂ ಬರಲಿ

ಆದೋನಿಯಿಂದ ಕರ್ನೂಲಿಗೆ ಸುಮಾರು 100 ಕಿಲೋಮೀಟರ್. ಎಮ್ಮಿಗನೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಕುಳಿತರೆ ಎರಡೂವರೆ ತಾಸು ಹಿಡಿಯುತ್ತದೆ. ಹತ್ತಿ ತುಂಬಿದ ಲಾರಿಗಳು ರಸ್ತೆಗಿಳಿಯುವ ಕಾಲದಲ್ಲಿ ಇನ್ನೂ ಹೆಚ್ಚು. ಆಲೂರಿನ ಮೇಲೆ ಬಳ್ಳಾರಿಗೆ ಹೋದರೆ 70 ಕಿಲೋಮೀಟರ್ ಆಸುಪಾಸು. ರೈಲಂತೂ ಆದೋನಿಯಿಂದ ಬೆಂಗಳೂರಿಗಿದೆ, ಮುಂಬೈಗಿದೆ, ಚೆನ್ನೈಗಿದೆ. ನಮ್ಮದೇ ಜಿಲ್ಲಾ ಕೇಂದ್ರಕ್ಕೆ ಮಾತ್ರ ನೇರ ಹಳಿ ಇಲ್ಲ. ಮಂತ್ರಾಲಯದಿಂದ ಕರ್ನೂಲಿಗೆ ರೈಲು ಮಾರ್ಗ ಬೇಕೆಂಬ ಬೇಡಿಕೆಯನ್ನು ನಾನು ವಿದ್ಯಾರ್ಥಿನಿಯಾಗಿದ್ದಾಗಿನಿಂದ ಕೇಳುತ್ತಾ ಬಂದಿದ್ದೇನೆ.

ಯುವಜನೋತ್ಸವ, ಭಾಷಣ ಸ್ಪರ್ಧೆ, ವಿಚಾರ ಸಂಕಿರಣ, ಉದ್ಯೋಗ ಮೇಳಗಳ ಬಗ್ಗೆ ಬರೆಯಲು ಕೂತವಳು ರಸ್ತೆಯ ಲೆಕ್ಕದಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಪಶ್ಚಿಮ ಕರ್ನೂಲಿನ ಪದವಿ ವಿದ್ಯಾರ್ಥಿಗಳ ಪ್ರತಿಭೆಯನ್ನು ಯಾರಾದರೂ ಅಳೆಯುವ ಮೊದಲೇ ಬೇರೆ ಎರಡು ಸಂಗತಿಗಳು ಅವರ ಹಣೆಬರಹ ಬರೆದಿರುತ್ತವೆ: ಕಾರ್ಯಕ್ರಮ ಎಲ್ಲಿ ನಡೆಯುತ್ತದೆ, ಎಷ್ಟು ಗಂಟೆಗೆ ಮುಗಿಯುತ್ತದೆ.

ನಾನು ಆಲೂರು ಕಡೆಯವಳು. ಮನೆಮಾತು ಕನ್ನಡ. ಆದೋನಿಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತಾ, ಹಲವು ವರ್ಷ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯಾಗಿ ದುಡಿದು ನಿವೃತ್ತಳಾದೆ. ಹೊಳಗುಂದಿ, ಹಾಲಹರವಿ, ಕೌತಾಳ, ಕೋಸಿಗಿ, ಚಿಪ್ಪಗಿರಿ ಕಡೆಯ ಹಳ್ಳಿಗಳಿಂದ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಒಂಬತ್ತೂವರೆಗೆ ತರಗತಿಯಲ್ಲಿ ಕೂರುತ್ತಿದ್ದ ಮಕ್ಕಳು ನನ್ನ ಮುಂದೆ ಇದ್ದರು. ಅವರಲ್ಲಿ ಒಬ್ಬಳು ಹೊಳಗುಂದಿ ಕಡೆಯ ಹುಡುಗಿ. ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಗೆದ್ದಿದ್ದಳು. ಜಿಲ್ಲಾ ಮಟ್ಟದ ಸ್ಪರ್ಧೆಗೆ ಕರ್ನೂಲಿನ ಒಂದು ಕಾಲೇಜಿಗೆ ಕರೆದುಕೊಂಡು ಹೋದೆವು. ಆಹ್ವಾನದಲ್ಲಿ ಹತ್ತು ಗಂಟೆ ಎಂದಿತ್ತು. ಅತಿಥಿಗಳು ಬಂದಾಗ ಹನ್ನೆರಡಾಗಿತ್ತು. ಸನ್ಮಾನ, ಶಾಲು, ಫೋಟೊ ಮುಗಿದು ಊಟವಾಗಿ ಸ್ಪರ್ಧೆ ಆರಂಭವಾಗುವಾಗ ಮೂರು. ಅವಳ ಸರದಿ ಐದರ ನಂತರ ಎಂದು ಗೊತ್ತಾಯಿತು. ಆದೋನಿ ಬಸ್ ನಿಲ್ದಾಣದಲ್ಲಿ ಅವಳ ಅಪ್ಪ ಕಾಯುತ್ತಿದ್ದರು, ಅಲ್ಲಿಂದ ಊರಿಗೆ ಹೋಗುವ ಕೊನೆಯ ಬಸ್ಸನ್ನು ಅವರಿಬ್ಬರೂ ಹಿಡಿಯಬೇಕಿತ್ತು. ಮಾತಾಡದೆಯೇ ವಾಪಸು ಬಂದೆವು. ದಾರಿಯಲ್ಲಿ ಅವಳು ಹೇಳಿದ್ದು ಇಷ್ಟೇ: ‘ಗೆಲ್ತಿದ್ದೆ ಅಂತ ಅಲ್ಲ ಮೇಡಂ. ಒಂದ್ ಸಲ ಮಾತಾಡ್ಬೇಕಿತ್ತು.’

ಅಂದು ಆಯೋಜಕರು ಯಾರಿಗೂ ಕೇಡು ಬಯಸಿದವರಲ್ಲ. ಅವರ ಕಣ್ಣಮುಂದೆ ಇದ್ದದ್ದು ಕರ್ನೂಲಿನ ಹಾಸ್ಟೆಲುಗಳಲ್ಲಿರುವ ವಿದ್ಯಾರ್ಥಿಗಳು. ಸಂಜೆ ಏಳಾದರೂ ನಡೆದು ಹಾಸ್ಟೆಲು ಸೇರುವವರನ್ನೇ ‘ವಿದ್ಯಾರ್ಥಿಗಳು’ ಎಂದುಕೊಂಡು ವೇಳಾಪಟ್ಟಿ ಬರೆದರೆ ಉಳಿದವರು ತಾವಾಗಿಯೇ ಹೊರಗುಳಿಯುತ್ತಾರೆ. ಆಮೇಲೆ ‘ಪಶ್ಚಿಮದ ಕಾಲೇಜುಗಳಿಂದ ಸ್ಪಂದನೆ ಇಲ್ಲ’ ಎಂಬ ಮಾತು ಸಭೆಯಲ್ಲಿ ಬರುತ್ತದೆ. ಆ ಮಾತನ್ನು ನಾನು ಎದುರಿಗೆ ಕುಳಿತು ಕೇಳಿದ್ದೇನೆ.

ಈಗ ಒಂದು ಬದಲಾವಣೆ ಆಗಿದೆ, ಅದನ್ನು ಸಂತೋಷದಿಂದ ಹೇಳಬೇಕು. 2025ರ ಆಗಸ್ಟ್ 15ರಂದು ಆಂಧ್ರದಲ್ಲಿ ‘ಸ್ತ್ರೀ ಶಕ್ತಿ’ ಯೋಜನೆ ಶುರುವಾಯಿತು. ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಕೋಸಿಗಿಯ ಹುಡುಗಿ ಕರ್ನೂಲಿಗೆ ಹೋಗಿಬರಲು ಅಪ್ಪನ ಮುಂದೆ ಕೈಯೊಡ್ಡಬೇಕಿಲ್ಲ. ಆದರೆ ಈ ಸೌಲಭ್ಯ ಅಂತರರಾಜ್ಯ ಬಸ್ಸುಗಳಿಗೆ ಇಲ್ಲ. 2023ರ ಜೂನ್ 11ರಂದು ಶುರುವಾದ ಕರ್ನಾಟಕದ ‘ಶಕ್ತಿ’ ಯೋಜನೆಯೂ ಆ ರಾಜ್ಯದ ನಿವಾಸಿಗಳಿಗಷ್ಟೇ. ಹಾಗಾಗಿ ಆಲೂರಿನ ಹುಡುಗಿ ದೂರದ ಕರ್ನೂಲಿಗೆ ಪುಕ್ಕಟೆ ಹೋಗಬಹುದು, ಹತ್ತಿರದ ಬಳ್ಳಾರಿಗೆ ದುಡ್ಡು ಕೊಟ್ಟು ಹೋಗಬೇಕು. ದುಡ್ಡಿನ ಅಡ್ಡಿ ಅರ್ಧ ನಿವಾರಣೆಯಾಗಿದೆ. ಸಮಯದ ಅಡ್ಡಿ ಹಾಗೆಯೇ ಇದೆ.

ಸಮಯ ಎಂದರೆ ಗಡಿಯಾರ ಮಾತ್ರವಲ್ಲ, ಸುಗ್ಗಿಯ ಲೆಕ್ಕವೂ ಹೌದು. ಆದೋನಿ ಮಾರುಕಟ್ಟೆಗೆ ಹತ್ತಿ ಬರುವುದು ಅಕ್ಟೋಬರಿನಿಂದ ಜನವರಿಯವರೆಗೆ. ಆ ತಿಂಗಳುಗಳಲ್ಲಿ ಹತ್ತಿ ಬಿಡಿಸಲು ಮನೆಯ ಪ್ರತಿ ಕೈಯೂ ಬೇಕು. ಆಮೇಲೆ ಗುಳೆ. ಮನೆಗೆ ಬೀಗ ಹಾಕಿ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುವ ಕುಟುಂಬಗಳು ಕೋಸಿಗಿ, ಕೌತಾಳ, ಪೆದ್ದಕಡಬೂರು ಕಡೆ ಎಷ್ಟೋ ಇವೆ. ಕೆಲವು ಪದವಿ ವಿದ್ಯಾರ್ಥಿಗಳೂ ಅಪ್ಪ ಅಮ್ಮನ ಜೊತೆ ಹೋಗಿ ಪರೀಕ್ಷೆಯ ಹೊತ್ತಿಗೆ ಮರಳುತ್ತಾರೆ. ಸ್ಪರ್ಧೆ, ಶಿಬಿರ, ಸಂಕಿರಣಗಳು ಹೆಚ್ಚಾಗಿ ನಡೆಯುವುದು ಇದೇ ನವೆಂಬರಿನಿಂದ ಫೆಬ್ರವರಿವರೆಗೆ. ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ನಮ್ಮ ಮಕ್ಕಳು ಊರಲ್ಲೇ ಇರುತ್ತಾರೆ. ಆಗ ಕಾರ್ಯಕ್ರಮ ಇಟ್ಟರೆ ಬರುತ್ತಾರೆ. ಎನ್‌ಎಸ್‌ಎಸ್‌ನ ಏಳು ದಿನದ ವಿಶೇಷ ಶಿಬಿರವನ್ನು ಬಿತ್ತನೆ ಮುಗಿದ ಮೇಲೆ, ಬಿಡಿಸುವುದಕ್ಕೆ ಮುಂಚೆ ಇಟ್ಟ ವರ್ಷಗಳಲ್ಲಿ ನನಗೆ ಹುಡುಗರನ್ನು ಹುಡುಕಿಕೊಂಡು ಹೋಗುವ ಪ್ರಮೇಯವೇ ಬರಲಿಲ್ಲ.

ಇನ್ನು ವಿಶ್ವವಿದ್ಯಾಲಯಗಳ ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆ ಹೋಳಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆ ಉಳಿದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೈಸೂರು ರಾಜ್ಯಕ್ಕೆ ಹೋದವು. ಅಲ್ಲಿಯವರೆಗೆ ಮದರಾಸು ವಿಶ್ವವಿದ್ಯಾಲಯದ ಒಂದೇ ನೆರಳಿನಲ್ಲಿ ಓದುತ್ತಿದ್ದ ಮಕ್ಕಳು ಎರಡು ದಾರಿ ಹಿಡಿದರು. ನಮ್ಮ ಕಡೆಯವರಿಗೆ 1954ರಲ್ಲಿ ತಿರುಪತಿಯ ವೆಂಕಟೇಶ್ವರ ವಿಶ್ವವಿದ್ಯಾಲಯ, 1981ರಲ್ಲಿ ಅನಂತಪುರದ ಕೃಷ್ಣದೇವರಾಯ ವಿಶ್ವವಿದ್ಯಾಲಯ, 2008ರಲ್ಲಿ ಕರ್ನೂಲಿನ ರಾಯಲಸೀಮೆ ವಿಶ್ವವಿದ್ಯಾಲಯ. ಬಳ್ಳಾರಿಯವರಿಗೆ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2010ರಲ್ಲಿ ತಮ್ಮ ಊರಿನಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಎರಡೂ ಕಡೆ ವಿಶ್ವವಿದ್ಯಾಲಯ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬಂತು. ಅನಂತಪುರದ್ದಕ್ಕೂ ಬಳ್ಳಾರಿಯದ್ದಕ್ಕೂ ಒಬ್ಬನೇ ಅರಸನ ಹೆಸರು. ಕನ್ನಡ, ತೆಲುಗು ಎರಡೂ ನೆಲಗಳನ್ನು ಆಳಿದ ಅರಸ. ಆದರೆ ಅವನ ಹೆಸರಿನ ಆ ಎರಡು ವಿಶ್ವವಿದ್ಯಾಲಯಗಳ ನಡುವೆ, ಪಕ್ಕದ ಕರ್ನೂಲಿನೊಡನೆ, ಪದವಿ ವಿದ್ಯಾರ್ಥಿಗಳು ಒಂದೇ ಅಂಗಳದಲ್ಲಿ ಸೇರಿ ಮಾತಾಡಿ, ಹಾಡಿ, ವಾದ ಮಾಡಿ ಹೋಗುವ ವಾಡಿಕೆ ಬೆಳೆಯಲಿಲ್ಲ. ಬೆಳೆಯಬೇಕಿತ್ತು. ಬಳ್ಳಾರಿ ರಾಘವರು (1880–1946) ಕನ್ನಡದಲ್ಲೂ ತೆಲುಗಿನಲ್ಲೂ ಪಾತ್ರ ಮಾಡಿ ಎರಡೂ ಕಡೆಯವರನ್ನು ಗೆದ್ದ ನೆಲವಿದು.

ವೇದಿಕೆಯ ಭಾಷೆಯ ವಿಷಯವನ್ನು ನೇರವಾಗಿ ಹೇಳುತ್ತೇನೆ. ಆಂಧ್ರದಲ್ಲಿ ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯಬಹುದು. ಶಿಕ್ಷಕರ ಅರ್ಹತೆಯ ಟೆಟ್ ಪರೀಕ್ಷೆ ಬರೆಯುವಾಗ ಮೊದಲ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು. ಶಿಕ್ಷಕರ ನೇಮಕಾತಿಯ ಡಿಎಸ್‌ಸಿಯಲ್ಲಿ ಕನ್ನಡ ಮಾಧ್ಯಮದ ಹುದ್ದೆಗಳಿರುತ್ತವೆ. ಇದು ಸರಕಾರ ಗಡಿನಾಡಿಗೆ ಕೊಟ್ಟ ದೊಡ್ಡ ಗೌರವ, ಉಳಿಸಿಕೊಳ್ಳಬೇಕು. ಆದರೆ ಹತ್ತರವರೆಗೆ ಕನ್ನಡದಲ್ಲಿ ಓದಿದ ಮಗು ಪದವಿಗೆ ಬಂದಾಗ ಭಾಷಣ ತೆಲುಗು ಅಥವಾ ಇಂಗ್ಲಿಷಿನಲ್ಲಿ, ಪ್ರಬಂಧವೂ ಹಾಗೆಯೇ. ಐದು ವರ್ಷದಲ್ಲಿ ಆ ಮಗು ತೆಲುಗನ್ನು ಚೆನ್ನಾಗಿ ಕಲಿಯುತ್ತದೆ, ಕಲಿಯಬೇಕು ಕೂಡ, ಅದು ನಮ್ಮ ರಾಜ್ಯದ ಭಾಷೆ, ನಮ್ಮ ಬೀದಿಯ ಭಾಷೆ. ಆದರೆ ತನ್ನ ಮಾತಿನಲ್ಲಿ ಸಭೆಯ ಮುಂದೆ ನಿಂತು ಮಾತಾಡುವ ಧೈರ್ಯ ಬರುವ ಮೊದಲೇ ಪದವಿಯ ಮೂರು ವರ್ಷ ಮುಗಿದಿರುತ್ತದೆ. ತೆಲುಗಿಗೂ ಕನ್ನಡಕ್ಕೂ 2008ರ ಅಕ್ಟೋಬರ್ 31ರಂದು ಒಂದೇ ದಿನ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿತು. ಸ್ಪರ್ಧೆಯ ಪಟ್ಟಿಯಲ್ಲಿ ‘ಕನ್ನಡ’ ಎಂಬ ಇನ್ನೊಂದು ಸಾಲು ಸೇರಿಸಿದರೆ ಯಾರಿಗೂ ನಷ್ಟವಿಲ್ಲ. ತೀರ್ಪುಗಾರರು ಬೇಕೆಂದರೆ ನಾವಿದ್ದೇವೆ, ನಿವೃತ್ತರಾದ ಕನ್ನಡ ಶಾಲೆಯ ಮೇಷ್ಟ್ರುಗಳಿದ್ದಾರೆ.

ಕಾಸರಗೋಡಿನ ಕನ್ನಡದ ಮಕ್ಕಳನ್ನು ನೋಡಿ. ಅವರೂ ಗಡಿಯಾಚೆಯವರೇ. ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ, ಕೇರಳದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇದೆ. ನಮ್ಮ ರಾಜ್ಯದಲ್ಲಿ ಕನ್ನಡ ವಿಭಾಗವಿರುವುದು ಕುಪ್ಪಂನಲ್ಲಿ 1997ರಲ್ಲಿ ಶುರುವಾದ ದ್ರಾವಿಡ ವಿಶ್ವವಿದ್ಯಾಲಯದಲ್ಲಿ. ಕುಪ್ಪಂ ರಾಯಲಸೀಮೆಯ ಇನ್ನೊಂದು ತುದಿ. ಆದೋನಿಯ ಹುಡುಗನಿಗೆ ಅದಕ್ಕಿಂತ ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಹತ್ತಿರ.

ಅವಕಾಶಗಳ ಸುದ್ದಿ ತಲುಪುವ ಬಗೆಯೂ ಇಷ್ಟೇ ತೊಡಕಿನದು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಮಾತ್ರ. ಆಲೂರಿನ ಕನ್ನಡ ಮಾಧ್ಯಮದ ವಿದ್ಯಾರ್ಥಿ ಅರ್ಜಿ ತುಂಬುವಾಗಲೇ ಕರ್ನಾಟಕದ ಊರನ್ನು ಕೇಂದ್ರವಾಗಿ ಆರಿಸಬೇಕು. ಅದು ತಿಳಿಯದೆ ಕರ್ನೂಲು ಎಂದು ತುಂಬಿದವನಿಗೆ ಕನ್ನಡದ ಹಕ್ಕು ಅಲ್ಲಿಗೇ ಹೋಯಿತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕಿರುವ ಸಿಯುಇಟಿಯನ್ನು 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಅದರಲ್ಲಿದೆ. ಅನಂತಪುರದಲ್ಲೂ ಕಲಬುರಗಿ ಬಳಿಯ ಕಡಗಂಚಿಯಲ್ಲೂ ಕೇಂದ್ರೀಯ ವಿಶ್ವವಿದ್ಯಾಲಯಗಳಿವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿ ಸಮಯದಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗಾಗಿ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಅದರ ಷರತ್ತುಗಳು ಯಾರಿಗೆ ಹೊಂದುತ್ತವೆ, ಯಾರಿಗೆ ಇಲ್ಲ ಎಂಬುದನ್ನು ಇಂಟರ್ ಮೊದಲ ವರ್ಷದಲ್ಲೇ ಕೂರಿಸಿಕೊಂಡು ಹೇಳುವವರು ಬೇಕು. ಇದೆಲ್ಲ ಯಾವುದೋ ಜಾಲತಾಣದಲ್ಲಿ ಇದೆ ಎಂದರೆ ನಾನು ಒಪ್ಪುವುದಿಲ್ಲ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ ಎಲ್ಲಿ ಹುಡುಕಬೇಕು, ಏನೆಂದು ಹುಡುಕಬೇಕು ಎಂಬುದೇ ಗೊತ್ತಿರುವುದಿಲ್ಲ. ಒಬ್ಬ ಮನುಷ್ಯ ಎದುರಿಗೆ ಕುಳಿತು ಹೇಳಬೇಕು.

ಇಂಟರ್ನ್‌ಷಿಪ್ ವಿಚಾರದಲ್ಲಿ ನನಗೆ ಹೆಚ್ಚು ಆಸೆ ಇದೆ. 2020–21ರಿಂದ ಆಂಧ್ರದ ಪದವಿ ವಿದ್ಯಾರ್ಥಿಗಳಿಗೆ ಒಟ್ಟು 10 ತಿಂಗಳ ಇಂಟರ್ನ್‌ಷಿಪ್ ಕಡ್ಡಾಯವಾಯಿತು. ಅದರ ಮೊದಲ ಹಂತ ಸಮುದಾಯ ಸೇವಾ ಯೋಜನೆ, 180 ಗಂಟೆಯ ಕೆಲಸ. ದೊಡ್ಡ ಊರುಗಳಲ್ಲಿ ಇದಕ್ಕೆ ಕಂಪನಿ ಬಾಗಿಲು ತಟ್ಟಬೇಕು. ನಮ್ಮಲ್ಲಿ ಕೆಲಸ ಕಾಲ ಬುಡದಲ್ಲೇ ಇದೆ. ಆದೋನಿಯ ಹತ್ತಿ ಮಾರುಕಟ್ಟೆ, ಜಿನ್ನಿಂಗ್ ಮಿಲ್ಲುಗಳು. 1938ರಲ್ಲಿ ಮಾಚಾನಿ ಸೋಮಪ್ಪನವರು ಕಟ್ಟಿದ ಎಮ್ಮಿಗನೂರಿನ ನೇಕಾರರ ಸಹಕಾರ ಸಂಘದ ಚರಿತ್ರೆ. ಗುಳೆ ಹೋಗುವ ಮನೆಗಳ ಮಕ್ಕಳ ಓದಿನ ಸಮೀಕ್ಷೆ. ವಾಣಿಜ್ಯ ಓದುವವರಿಗೆ, ಅರ್ಥಶಾಸ್ತ್ರ ಓದುವವರಿಗೆ ಇದಕ್ಕಿಂತ ಏನು ಬೇಕು?

ಇತಿಹಾಸದವರಿಗೆ ಕೇಳುವುದೇ ಬೇಡ. ಹಳೆಯ ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ್ದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲಿಕೆಯ ಒಂಬತ್ತನೇ ಸಂಪುಟದಲ್ಲಿ. ಆದೋನಿ, ಆಲೂರು ತಾಲ್ಲೂಕಿನ ಹಳ್ಳಿಗಳ ಹೆಸರು ಅದರಲ್ಲಿ ಪುಟ ಪುಟಕ್ಕೆ ಸಿಗುತ್ತದೆ. ಆ ಕಲ್ಲುಗಳು ಇಂದು ಎಲ್ಲಿವೆ, ಹೇಗಿವೆ? ಯಾವುದು ದೇವಸ್ಥಾನದ ಗೋಡೆಯಲ್ಲಿ ಸುಣ್ಣ ಹೊಡೆಸಿಕೊಂಡಿದೆ, ಯಾವುದು ಹೊಲದ ಬದುವಿನಲ್ಲಿ ಮಲಗಿದೆ? ಒಂದು ತರಗತಿಯ ಮಕ್ಕಳು ಸಂಪುಟವನ್ನು ಕೈಯಲ್ಲಿ ಹಿಡಿದು ತಮ್ಮ ತಮ್ಮ ಊರಿನ ಶಾಸನ ಹುಡುಕಿ, ಫೋಟೊ ತೆಗೆದು, ಓದಿಸಿ ವರದಿ ಮಾಡಿದರೆ ಅದು ಯಾವ ರಾಷ್ಟ್ರೀಯ ಸಂಕಿರಣಕ್ಕೂ ಹೋಗುವ ಕೆಲಸ. ದಾಸರಲ್ಲಿ ಹಿರಿಯರಾದ ವಿಜಯದಾಸರ ಕಟ್ಟೆ ಇರುವುದು ಚಿಪ್ಪಗಿರಿಯಲ್ಲಿ. ಗುರುಜಗನ್ನಾಥದಾಸರು ಕೌತಾಳ, ಕೋಸಿಗಿಯ ಕಡೆಯವರು. ಜೊನ್ನಗಿರಿ ಬಳಿಯ ಎರ್ರಗುಡಿಯಲ್ಲಿ ಅಶೋಕನ ಶಾಸನವಿದೆ, ಪತ್ತಿಕೊಂಡ ಬಳಿಯ ರಾಜುಲ ಮಂಡಗಿರಿಯಲ್ಲೂ ಇದೆ. ಹೊರಗಿನಿಂದ ಸಂಶೋಧಕರು ಬಂದು ನೋಡಿ ಹೋಗುವ ಜಾಗಗಳ ಬಗ್ಗೆ ಅಲ್ಲಿಯೇ ಹುಟ್ಟಿದ ಮಕ್ಕಳು ಒಂದು ಪ್ರಬಂಧ ಮಂಡಿಸುವ ಸಂಕಿರಣ ಆದೋನಿಯಲ್ಲಿ ನಡೆಯಬೇಕು. ಇಂಥ ಕೆಲಸಕ್ಕೆ ಮಾರ್ಗದರ್ಶನ ಕೊಡಲು ಹಂಪಿಯವರಿದ್ದಾರೆ, ಕರೆದರೆ ಬರುತ್ತಾರೆ ಎಂಬ ನಂಬಿಕೆ ನನಗಿದೆ.

ಆದೋನಿಯಲ್ಲಿ ದೊಡ್ಡ ಕಾರ್ಯಕ್ರಮ ಮಾಡಲು ಅನುಕೂಲವಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಶ್ರಾವಣದಲ್ಲಿ ಉರುಕುಂದ ಈರಣ್ಣಸ್ವಾಮಿಗೆ, ಮಂತ್ರಾಲಯದ ರಾಯರ ಆರಾಧನೆಗೆ, ವಿಜಯದಶಮಿಯ ರಾತ್ರಿ ದೇವರಗಟ್ಟಿನ ಬನ್ನಿ ಉತ್ಸವಕ್ಕೆ ಜನ ಕಿಕ್ಕಿರಿದು ಸೇರುತ್ತಾರೆ. ಜಾತ್ರೆಗೆ ವಿಶೇಷ ಬಸ್ಸು ಬಿಡಲು ಬರುವ ಆಡಳಿತಕ್ಕೆ ವರ್ಷಕ್ಕೆ ಮೂರು ದಿನ ವಿದ್ಯಾರ್ಥಿಗಳಿಗಾಗಿ ಸಂಜೆಯ ನಾಲ್ಕಾರು ಬಸ್ಸು ಬಿಡಲು ಬಾರದೇ? ಯುವಜನೋತ್ಸವ ಒಂದು ವರ್ಷ ಕರ್ನೂಲಿನಲ್ಲಿ, ಮುಂದಿನ ವರ್ಷ ಆದೋನಿಯಲ್ಲಿ ನಡೆಯಲಿ. ನೋಟಿಸು ಹದಿನೈದು ದಿನ ಮೊದಲು ತೆಲುಗು, ಕನ್ನಡ, ಉರ್ದುವಿನಲ್ಲಿ ಬರಲಿ. ಆದೋನಿ ಪೇಟೆಯಲ್ಲಿ ಮೂರೂ ಭಾಷೆಯ ಮನೆಗಳಿವೆ. ದೂರದ ಊರಿನವರ ಸರದಿ ಬೆಳಿಗ್ಗೆ ಬರಲಿ. ಸನ್ಮಾನಗಳು ಸ್ಪರ್ಧೆ ಮುಗಿದ ಮೇಲೆ ಇರಲಿ.

ಬಳ್ಳಾರಿಯ ವಿಶ್ವವಿದ್ಯಾಲಯಕ್ಕೆ ನನ್ನ ಕೋರಿಕೆ ಬೇರೆ. ನಿಮ್ಮ ಅಂತರ ಕಾಲೇಜು ಸ್ಪರ್ಧೆಗಳಲ್ಲಿ ಗಡಿಯಾಚೆಯ ಕಾಲೇಜುಗಳಿಗೆ ಅತಿಥಿ ಸ್ಥಾನ ಕೊಡಿ. ಅಂಕಪಟ್ಟಿ, ಬಹುಮಾನದ ಲೆಕ್ಕ ನಿಮ್ಮ ನಿಯಮದಂತೆಯೇ ಇರಲಿ. ವೇದಿಕೆ ಸಿಕ್ಕರೆ ಸಾಕು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಗಿನ ಕನ್ನಡದ ಕೆಲಸಕ್ಕೂ ನೆರವು ಕೊಡುತ್ತದೆ. ಆ ನೆರವಿನ ಒಂದು ಪಾಲು ಸಮ್ಮೇಳನದ ಪೆಂಡಾಲಿಗೆ ಹೋಗುವ ಬದಲು ಆಲೂರು, ಹೊಳಗುಂದಿಯ ವಿದ್ಯಾರ್ಥಿಗಳ ಬಳ್ಳಾರಿ ಬಸ್ಸಿನ ದುಡ್ಡಿಗೆ, ಒಂದು ರಾತ್ರಿಯ ವಸತಿಗೆ ಹೋಗಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಆಂಧ್ರ ಗಡಿನಾಡ ಘಟಕದ ಗೆಳೆಯರು ಇದನ್ನು ಕೈಗೆತ್ತಿಕೊಂಡರೆ ಆದೀತು.

ಹೆಣ್ಣುಮಕ್ಕಳ ತಂದೆತಾಯಿಗೆ ಒಂದು ಮಾತು. ಕೋಸಿಗಿ, ಕೌತಾಳ ಕಡೆ ಹೆಣ್ಣುಮಕ್ಕಳಿಗೆ ಓದು ಬಿಡಿಸಿ ಬೇಗ ಮದುವೆ ಮಾಡುವುದು ಇನ್ನೂ ನಿಂತಿಲ್ಲ. ಪದವಿವರೆಗೆ ಬಂದ ಹುಡುಗಿ ಆಗಲೇ ದೊಡ್ಡ ಹೊಳೆ ದಾಟಿ ಬಂದವಳು. ಅವಳು ಒಂದು ದಿನ ತಡವಾಗಿ ಬರುತ್ತೇನೆಂದರೆ ಅನುಮಾನ ಪಡಬೇಡಿ. ಕಾಲೇಜಿಗೆ ಹೋಗಿ ಕೇಳಿ, ಮೇಷ್ಟ್ರ ಫೋನ್ ನಂಬರು ತೆಗೆದುಕೊಳ್ಳಿ, ಬೇಕಾದರೆ ಜೊತೆಗೆ ನೀವೂ ಹೋಗಿ. ಮಗಳು ಮೈಕಿನ ಮುಂದೆ ನಿಂತು ಮಾತಾಡುವುದನ್ನು ಕೇಳಿದ ತಾಯಂದಿರು ಮುಂದೆ ಅವಳ ಮದುವೆಗೆ ಅವಸರ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಕೊನೆಯದಾಗಿ, ಆದೋನಿ, ಆಲೂರು, ಎಮ್ಮಿಗನೂರಿನ ಕಾಲೇಜುಗಳಲ್ಲಿ ಓದಿ ಇಂದು ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ, ಬಳ್ಳಾರಿಯಲ್ಲಿ ನೌಕರಿಯಲ್ಲಿರುವವರಿಗೆ. ನೀವು ಊರ ಹಬ್ಬಕ್ಕೆ ಹೇಗೂ ಬರುತ್ತೀರಿ. ಒಂದು ದಿನ ಮೊದಲೇ ಹೊರಡಿ. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ. ಶನಿವಾರ ನಿಮ್ಮ ಹಳೆಯ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರ ಬಳಿ ಒಂದು ಗಂಟೆ ಕೇಳಿ ಪಡೆಯಿರಿ. ನೀವು ಯಾವ ಪರೀಕ್ಷೆ ಬರೆದಿರಿ, ಅರ್ಜಿ ಎಲ್ಲಿ ತುಂಬಿದಿರಿ, ಮೊದಲ ಸಂಬಳ ಎಷ್ಟಿತ್ತು, ಎಲ್ಲವನ್ನೂ ಆ ಮಕ್ಕಳಿಗೆ ಕನ್ನಡದಲ್ಲೋ ತೆಲುಗಿನಲ್ಲೋ ಬಿಡಿಸಿ ಹೇಳಿ. ಬರುವಾಗ ಅರ್ಜಿ ನಮೂನೆಯ ಪ್ರತಿಗಳನ್ನು ತನ್ನಿ, ಹೋಗುವಾಗ ನಿಮ್ಮ ಫೋನ್ ನಂಬರನ್ನು ಕರಿಹಲಗೆಯ ಮೇಲೆ ಬರೆದು ಹೋಗಿ.